ಒಂದು ರೂಪಾಯಿಯ ಷೇರು

೪ ಮಾರ್ಚ್ ೨೦೨೫, ಮಂಗಳವಾರ

ಕಾಲೇಜಿನ ಸುಳ್ಳು ದುಡ್ಡಿನ ಷೇರು ಸ್ಪರ್ಧೆ ಸಪ್ಪೆ ಎಂದು ಹುಡುಗರು ಗೊಣಗಿದ್ದಕ್ಕೆ ಇವತ್ತು ಒಂದೆರಡು ರೂಪಾಯಿಗೆ ಸಿಗುವ ಪೆನ್ನಿ ಸ್ಟಾಕು, ಬೆಲೆಯ ಏರಿಳಿತದ ಮೇಲೆ ಪಣ ಕಟ್ಟುವ ಆಪ್ಷನ್ ಎರಡನ್ನೂ ಸೇರಿಸಿಬಿಟ್ಟೆ. ಸಂಜೆಯೊಳಗೆ ಕೊನೆಯಲ್ಲಿದ್ದ ವಸಂತ್ ಒಂದು ಪೆನ್ನಿ ಸ್ಟಾಕಿನಿಂದ ಮೊದಲಿಗನಾದ. ಆ ಕಂಪನಿ ಏನು ಮಾಡುತ್ತದೆ ಎಂದು ಕೇಳಿದೆ.

"ಗೊತ್ತಿಲ್ಲ ಮಿಸ್, ಒಂದ್ರೂಪಾಯಿ ಇತ್ತು, ಹಾಕ್ಬಿಟ್ಟೆ."

ಎಲ್ಲರೂ ನಕ್ಕರು. ನಾನು ಚಪ್ಪಾಳೆ ತಟ್ಟಿದೆ. ಯಾಕೆ ತಟ್ಟಿದೆನೋ!

ಸಿಂಚನ ತಟ್ಟಲಿಲ್ಲ. ಬಾಶೆಟ್ಟಿಹಳ್ಳಿಯ ಕಾರ್ಖಾನೆ ಗೇಟಿನೆದುರು ವಾರಗಟ್ಟಲೆ ನಿಂತು, ಲಾರಿಗಳು ತುಂಬಿ ಹೊರಡುವುದನ್ನು ನೋಡಿದ ಮೇಲೆಯೇ ಅದರ ಷೇರು ಕೊಂಡವಳು ಅವಳು.

"ಮತ್ತೆ ನಾನ್ಯಾಕ್ ಮಿಸ್ ಬಿಸಿಲಲ್ಲಿ ನಿಂತಿದ್ದು?" ಎಂದಳು.

ನಿದ್ದೆ ಬಾರದೆ ಈಗ ಸ್ಪರ್ಧೆಯ ಪುಟ ತೆರೆದೆ. ಸಿಂಚನ ನಾಳೆಗೆ ಆರ್ಡರ್ ಹಾಕಿದ್ದಾಳೆ: ಕಾರ್ಖಾನೆಯ ಷೇರೆಲ್ಲ ಮಾರಿ, ಪೂರ್ತಿ ವಸಂತನ ಷೇರಿಗೆ. ಅದನ್ನು ಅಳಿಸುವ ಅಧಿಕಾರ ನನಗಿದೆ. ಚಪ್ಪಾಳೆ ತಟ್ಟಿದ ಕೈಯಲ್ಲೇ ಅಳಿಸಿ, ಬೆಳಿಗ್ಗೆ ಅವಳು ಮುಂದಿನ ಬೆಂಚಿನಲ್ಲಿ ಕೂತು ನನ್ನನ್ನೇ ನೋಡುವಾಗ ಏನು ಹೇಳಲಿ?