ಬಲಗಾಲು ಹಿಡಿದ ಕೈ

ಸಿದ್ದಾಪುರ,
ಮೊಳಕಾಲ್ಮೂರು ತಾಲ್ಲೂಕು
11-3-2002, ಸೋಮವಾರ

ಅಕ್ಕಾ,

ಕಾಗದದ ಮೊದಲ ಸಾಲಿಗೆ ‘ನಾವೆಲ್ಲ ಚೆನ್ನಾಗಿದ್ದೇವೆ’ ಅಂತ ಬರೆಯಬೇಕೆಂದು ನನಗೆ ಕಲಿಸಿದವಳು ನೀನು. ಆ ಸಾಲು ಬರೆದು ಮೂರು ಹಾಳೆ ಹರಿದು ಹಾಕಿದೆ. ಇದು ನಾಲ್ಕನೆಯ ಹಾಳೆ. ಇದರಲ್ಲಿ ಆ ಸಾಲು ಇಲ್ಲ.

ನಿನ್ನ ಕಾಗದ ಶುಕ್ರವಾರ ಬಂತು. ಬಾವನ ಮೊಣಕಾಲಿಗೆ ಕಬ್ಬಿಣದ ಸರಳು ಹಾಕಿದ್ದಾರೆ, ಕೋಲು ಹಿಡಿದು ನಡೆಯಬಹುದು, ಕಬಡ್ಡಿ ಮಾತ್ರ ಮರೆಯಬೇಕು ಎಂದಿದ್ದಾರೆ ಅಂತ ಎರಡು ಸಾಲು. ಆಮೇಲೆ ನೀನು ಬರೆದದ್ದು ಈಗ ನನಗೆ ಬಾಯಿಪಾಠ ಆಗಿದೆ. ‘ಒಳಗೆ ಏಳು ಜನ ಬಿದ್ದಿದ್ರಂತೆ. ನಿಮ್ಮ ಬಾವ ಯಾರಂತ ಕಂಡಿಲ್ಲ ಅಂತಾರೆ. ಆ ಕಾಲು ಹಿಡಿದ ಕೈ ನಿಂದಾ? ಅಲ್ಲ ಅಂತ ಬರೆದ್ರೆ ನಂಬ್ತೀನಿ, ಹೆರಿಗೆಗೆ ಅವ್ವನ ಹತ್ರಾನೇ ಬರ್ತೀನಿ. ಹೌದು ಅಂದ್ರೆ ಆ ಹೊಸ್ತಿಲು ಇನ್ನು ತುಳಿಯಲ್ಲ.’

ಅವ್ವನಿಗೆ ಮೊದಲ ಎರಡು ಸಾಲು ಮಾತ್ರ ಓದಿ ಹೇಳಿದೆ. ಅವಳು ಕಾಗದವನ್ನು ನನ್ನ ಕೈಯಿಂದ ಕಿತ್ತುಕೊಂಡು, ತಿರುಗಿಸಿ ಮುರುಗಿಸಿ ನೋಡಿದಳು. “ಇಷ್ಟಕ್ಕೇ ಕಾಗದ ಹಾಕವ್ಳಾ? ಯಾವತ್ತು ಬತ್ತೀನಿ ಅಂತ ಬರ್ದಿಲ್ವಾ?” ಎಂದಳು. ಇಲ್ಲ ಎಂದೆ. ಹಿಂದಿನ ಕೋಣೆಗೆ ಆಗಲೇ ಸುಣ್ಣ ಬಳಿದಿದ್ದಾಳೆ ಅಕ್ಕ. ನಿನ್ನ ಬಾಣಂತನದ ಉಂಡೆಗೆ ಕೊಬ್ಬರಿ ಮತ್ತು ಅಂಟು ತಂದು ಡಬ್ಬಿಯಲ್ಲಿ ತುಂಬಿಟ್ಟಿದ್ದಾಳೆ.

ಎದುರು ನಿಂತರೆ ನನಗೆ ಮಾತು ಹೊರಡುವುದಿಲ್ಲ, ಅದು ನಿನಗೆ ಗೊತ್ತು. ಊರೆಲ್ಲ ಮೂಗ ಗಾದ್ರ ಅಂತಲೇ ಕರೆಯುತ್ತದೆ. ನಾಲ್ಕನೇ ಕ್ಲಾಸಿಗೆ ಬಿಟ್ಟು ಕುರಿ ಹಿಂದೆ ಹೋದವನಿಗೆ ಕಾಗದದಲ್ಲಾದರೂ ಮಾತು ಬರುತ್ತದೆಯೋ ನೋಡೋಣ. ನಿನಗೆ ಗೊತ್ತಿರುವುದನ್ನೂ ಬರೆಯುತ್ತೇನೆ. ನಡುವೆ ಬಿಟ್ಟರೆ ನನಗೇ ದಾರಿ ತಪ್ಪುತ್ತದೆ.

ಅಜ್ಜಪ್ಪನ ಹಲ್ಲಿನಿಂದ ಶುರು ಮಾಡುತ್ತೇನೆ. ಮೂರು ವರ್ಷದ ಹಿಂದೆ ನನ್ನಿವಾಳದವರ ಜೊತೆ ನಮ್ಮ ಫೈನಲ್. ಅವರ ಚಂದ್ರಣ್ಣ ದಾಳಿಗೆ ಬಂದ. ಹಿಡಿಯಲು ಬಗ್ಗಿದ ನಮ್ಮ ಕ್ಯಾಪ್ಟನ್ ಅಜ್ಜಪ್ಪನ ದವಡೆಗೆ ಹಿಮ್ಮಡಿಯಿಂದ ಒದ್ದ. ಕಲ್ಲಿಗೆ ಒದ್ದೆ ಕಂಬಳಿ ಬಡಿದ ಹಾಗೆ ಸದ್ದಾಯಿತು. ಅಜ್ಜಪ್ಪ ಬಾಯಿ ತೆರೆದಾಗ ರಕ್ತದ ಜೊತೆ ಮೂರು ಹಲ್ಲು ಬಿದ್ದವು. ಮರಳಿನಲ್ಲಿ ಮೊಣಕಾಲೂರಿ ಆ ಹಲ್ಲು ಹುಡುಕಿದವನು ಬಾವ. ಕರ್ಚೀಫಿನಲ್ಲಿ ಕಟ್ಟಿಕೊಂಡು ಎಲ್ಲರ ಮುಂದೆ ಹೇಳಿದ: “ಚಂದ್ರಣ್ಣನ್ನ ಇದೇ ಮಣ್ಣಾಗೆ ಕೆಡವಿ ಈ ಹಲ್ಲಿಗೆ ಜವಾಬು ಕೇಳ್ದೆ ಬಿಟ್ರೆ ನಾನು ಸಿದ್ದಾಪುರದೋನೇ ಅಲ್ಲ.”

ಅಜ್ಜಪ್ಪ ಆರು ತಿಂಗಳು ಬರೀ ಅಂಬಲಿ ಕುಡಿದ. ಅವನ ಮಾತು ಇವತ್ತಿಗೂ ಒಂದು ಕಡೆಯಿಂದಲೇ ಬರುತ್ತದೆ.

ಮುಂದಿನ ಎರಡು ವರ್ಷವೂ ನಾವು ಚಂದ್ರಣ್ಣನ ಕೈಯಲ್ಲಿ ಸೋತೆವು. ಆಮೇಲೆ ಚಳ್ಳಕೆರೆಯ ಎಣ್ಣೆ ಮಿಲ್ಲಿನ ಸಾಹುಕಾರರು ಟೀಮು ಕಟ್ಟಿದರು. ಮೊದಲು ಚಂದ್ರಣ್ಣನನ್ನು ಕರೆದರು, ಆಮೇಲೆ ಬಾವನನ್ನು. ಮಿಲ್ಲಿನಲ್ಲಿ ಕೆಲಸ, ಇರಲು ಮನೆ. ಬಾವ ಒಂದು ಮಾತು ಹೇಳಿದ್ದ: “ಏಳು ವರ್ಸ ಸೋತಿದೀನಿ ಗಾದ್ರ. ಸಾಯೋದ್ರೊಳಗೆ ಒಂದ್ಸಾರಿ ಕಪ್ಪು ಎತ್ಬೇಕು ಕಣೋ.” ಅದು ತಪ್ಪು ಅಂತ ನನಗೆ ಆಗಲೂ ಅನ್ನಿಸಲಿಲ್ಲ.

ನೀವು ಹೊರಟ ದಿನ ನೀನು ಟ್ರಂಕಿಗೆ ಹಗ್ಗ ಕಟ್ಟುತ್ತಿದ್ದೆ. ನಾನು ಆಟದ ಬನಿಯನ್ನು ಒಗೆದು ಒಣಗಿಸಿ, ಚೀಲದಲ್ಲಿಟ್ಟುಕೊಂಡು ಜಗಲಿ ಮೇಲೆ ಕುಳಿತಿದ್ದೆ. ಬಾವ ನನ್ನ ಚೀಲ ನೋಡಿ ನಕ್ಕ. “ಇದ್ಯಾಕೋ? ಅಲ್ಲಿ ಹಿಡಿಯೋರು ಬೇಕಾದಷ್ಟು ಜನ ಅದಾರೆ. ನೀನು ಕುರಿ ನೋಡ್ಕೊಂಡು ಅವ್ವನ ತಾವ ಇರು” ಎಂದು ಬೆನ್ನು ತಟ್ಟಿದ. ನಾನು ತಲೆಯಾಡಿಸಿದೆ. ಆ ಚೀಲ ಇನ್ನೂ ಗೂಟದಲ್ಲೇ ಇದೆ. ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ.

ಆಮೇಲೆ ನಡೆದದ್ದು ನಿನಗೆ ಗೊತ್ತಿಲ್ಲ. ಕ್ಷೌರದಂಗಡಿಯಲ್ಲಿ ಪೇಪರ್ ಓದಿ ಹೇಳುವವನು ನಾನು ತಾನೆ? ದೀಪಾವಳಿ ಹೊತ್ತಿಗೆ ಮಿಲ್ಲಿನ ಟೀಮು ಐದು ಕಪ್ಪು ಗೆದ್ದಿತ್ತು. ಪೇಪರಿನಲ್ಲಿ ಫೋಟೋ ಬಂತು. ಕಪ್ಪಿನ ಒಂದು ಕಿವಿ ಬಾವನ ಕೈಯಲ್ಲಿ, ಇನ್ನೊಂದು ಚಂದ್ರಣ್ಣನ ಕೈಯಲ್ಲಿ. ಇಬ್ಬರೂ ನಗುತ್ತಿದ್ದರು. ಅರ್ಧ ಗಡ್ಡ ಬೋಳಿಸಿಕೊಂಡಿದ್ದ ಅಜ್ಜಪ್ಪ ಎದ್ದು ಬಂದು ಪೇಪರ್ ಕಿತ್ತುಕೊಂಡ. ಕ್ಷೌರದ ಕತ್ತಿಯಿಂದ ಬಾವನ ಮುಖವನ್ನು ಗುಂಡಗೆ ಕೊಯ್ದು ತೆಗೆದ. ಚಂದ್ರಣ್ಣನ ಮುಖ ಮುಟ್ಟಲಿಲ್ಲ.

“ಗೆಲ್ಲಾಕಾಗ್ದೋನು ಗೆದ್ದೋನ ಮಗ್ಗುಲಿಗೆ ಹೋಗಿ ಮಲಗವ್ನೆ” ಎಂದು ಯಾರೋ ಅಂದರು.

“ಎರಡು ಹುಲಿ ಒಂದೇ ಕಡೀಕೆ ಬಿಟ್ರೆ ಇನ್ನು ಆಟ ಏನು ನೋಡಾದು? ಕುರಿ ಕಡಿಯಾದು ನೋಡ್ಬೇಕಷ್ಟೆ.”

“ಸೋಲ್ಲಿ ಬಿಡ್ಲಾ, ಇನ್ನೂ ಹತ್ತು ವರ್ಸ ಸೋಲ್ಲಿ. ನಮ್ಮೋನಾಗಿ ಸೋತಿದ್ರೆ ಹೆಗಲ ಮ್ಯಾಲೆ ಹೊತ್ಕೊಂಡು ಬತ್ತಿದ್ವಿ.”

ಒಬ್ಬರು ಮುದುಕರು ಅಜ್ಜಪ್ಪನನ್ನು ಕೇಳಿದರು, ಹಲ್ಲು ಮುರಿದವನು ಚಂದ್ರಣ್ಣ, ನೀನು ಗಾದ್ರನ ಬಾವ ಮಾರುತಿ ಮೇಲೆ ಯಾಕಪ್ಪ ಹಲ್ಲು ಕಡೀತೀಯ ಅಂತ. ಅಜ್ಜಪ್ಪ ತನ್ನ ಸೊಟ್ಟ ಬಾಯಲ್ಲಿ ಹೇಳಿದ: “ಅವನು ಹಗೆ, ಒದ್ದ. ಒದಿಯಾದು ಅವನ ಕೆಲ್ಸ ಕಣ್ರಿ. ಇವನು ನನ್ನ ಹಲ್ಲು ಜೇಬಿನಾಗೆ ಇಟ್ಕೊಂಡು ಹೋಗಿ ಅವನ ಕೈ ಕುಲುಕವ್ನೆ.”

ನನ್ನಿವಾಳದಲ್ಲೂ ಹೀಗೇ ಆಯಿತಂತೆ. ಅಲ್ಲಿಯವರು ಚಂದ್ರಣ್ಣನ ಮನೆ ಹೆಂಚು ಒಡೆದರಂತೆ. ಇಲ್ಲಿ ನಮ್ಮ ಬಾಗಿಲಿಗೆ ಬಳೆಯನ್ನೂ ಹರಕು ಸೀರೆಯನ್ನೂ ಕಟ್ಟಿ ಹೋದರು. ಅವ್ವ ಬಿಚ್ಚಿ ಒಲೆಗೆ ಹಾಕಿದಳು. ಸಂಕ್ರಾಂತಿಯ ಮಾರನೇ ದಿನ, ನಿನ್ನ ಮದುವೆಯಲ್ಲಿ ಬಾವ ನನಗೆ ಕೊಟ್ಟ ಟಗರಿನ ಎರಡೂ ಹಿಂಗಾಲನ್ನು ಕಲ್ಲಿನಿಂದ ಜಜ್ಜಿದರು. ನಾನು ಹೋದಾಗ ಅದು ಮುಂಗಾಲಿನ ಮೇಲೆ ತೆವಳಿಕೊಂಡು ನನ್ನ ಕಡೆಗೇ ಬರುತ್ತಿತ್ತು. ಕೊರಳು ಕೊಯ್ದು ಅದರ ನೋವು ತೀರಿಸಿದೆ. ಚಿರತೆ ಹಿಡಿಯಿತು ಅಂತ ನಿನಗೆ ಬರೆದಿದ್ದು ಸುಳ್ಳು.

ಮೊಳಕಾಲ್ಮೂರಿನ ಪಂದ್ಯಕ್ಕೆ ಮಿಲ್ಲಿನ ಟೀಮು ಬರುತ್ತದೆ ಅಂತ ಗೊತ್ತಾದ ಮೇಲೆ ಅಜ್ಜಪ್ಪ ನಮ್ಮನ್ನೆಲ್ಲ ಬೆಳಿಗ್ಗೆ ದೇವರೆತ್ತಿನ ರೊಪ್ಪಕ್ಕೆ ಕರೆದ. ಮುಳ್ಳುಬೇಲಿಯೊಳಗೆ ಕೂಡಿದ್ದ ಎತ್ತುಗಳನ್ನು ಇನ್ನೂ ಮೇವಿಗೆ ಬಿಟ್ಟಿರಲಿಲ್ಲ. “ಮಾರುತಿ ಬಲಗಾಲು ಉಳೀಬಾರ್ದು. ಹಿಡಿದೋನು ಬಿಡಬಾರ್ದು. ಆಮ್ಯಾಲೆ ಯಾರು ಅಂತ ಯಾವನೂ ಬಾಯಿ ಬಿಡಬಾರ್ದು” ಎಂದ. ಹಿಡಿಯುವವನು ಯಾರು ಅಂತ ಯಾರೂ ಕೇಳಲಿಲ್ಲ. ಎಲ್ಲರೂ ನನ್ನ ಕಡೆ ನೋಡಿದರು. ಓಡುವ ಹೋತವನ್ನು ಹಿಂಗಾಲು ಹಿಡಿದು ಕೆಡವುವುದು ನನ್ನಷ್ಟು ಯಾರಿಗೂ ಬರುವುದಿಲ್ಲ. ಆಗುವುದಿಲ್ಲ ಎಂದು ಹೇಳಬೇಕಿತ್ತು. ನಾಲಿಗೆ ಏಳಲಿಲ್ಲ. ಸುಮ್ಮನಿದ್ದದ್ದನ್ನು ಅವರು ಒಪ್ಪಿಗೆ ಅಂದುಕೊಂಡರು. ದೊಡ್ಡ ಎತ್ತಿನ ಬೆನ್ನ ಮೇಲೆ ಎಲ್ಲರ ಕೈ ಒಟ್ಟಿಗೆ ಬಿದ್ದವು. ನಾನು ಹಿಂದೆ ನಿಂತಿದ್ದೆ. ನಾನೂ ಕೈ ಚಾಚಿದೆ.

ಎತ್ತು ಮುಟ್ಟಿ ಆಣೆ ಮಾಡಿ ತಪ್ಪಿದವನ ಕೈ ಒಣಗಿ ಕಟ್ಟಿಗೆಯಾಗುತ್ತದೆ ಎಂದು ಅವ್ವ ನಮ್ಮಿಬ್ಬರಿಗೂ ಚಿಕ್ಕಂದಿನಲ್ಲಿ ಹೇಳಿದ್ದು ನೆನಪಿದೆಯಲ್ಲ. ನೀನು ಆ ರಾತ್ರಿ ಅತ್ತಿದ್ದೆ.

ಫೆಬ್ರವರಿ ಹದಿನೇಳು, ಭಾನುವಾರ, ಮಧ್ಯಾಹ್ನ ಮೂರು ಗಂಟೆ. ಮೈದಾನದ ಸುತ್ತ ಗೋಡೆ, ಮರ, ಟ್ರ್ಯಾಕ್ಟರ್, ಎಲ್ಲದರ ಮೇಲೂ ಜನ. ಮಿಲ್ಲಿನ ನೀಲಿ ಬನಿಯನ್ನಿನವರು ಒಳಗೆ ಬಂದ ಕೂಡಲೇ ಚಪ್ಪಲಿ ಬಿದ್ದವು, ಆಮೇಲೆ ಕಲ್ಲು. ತೆಲುಗಿನಲ್ಲೂ ಕನ್ನಡದಲ್ಲೂ ಬೈದರು. ನಿನ್ನ ಹೆಸರು ಹಿಡಿದೂ ಬೈದರು ಅಕ್ಕ. ಬಾವ ತಲೆ ಎತ್ತಲಿಲ್ಲ. ಅಂಕಣದ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡ. ನನ್ನನ್ನು ನೋಡಿ ಮಾತ್ರ ಸ್ವಲ್ಪ ನಕ್ಕ.

ಎರಡನೇ ಅರ್ಧದಲ್ಲಿ ನಾವು ಎರಡು ಪಾಯಿಂಟು ಹಿಂದಿದ್ದೆವು. ಬಾವ ದಾಳಿಗೆ ಬಂದ. ಅಜ್ಜಪ್ಪನ ಭುಜ ಮುಟ್ಟಿ ಗೆರೆಯ ಕಡೆ ತಿರುಗಿದ. ತಿರುಗುವಾಗ ಬಲಗಾಲು ಅರೆಗಳಿಗೆ ಹಿಂದೆ ಉಳಿಯುತ್ತದೆ. ಅದು ಅವನಿಗೆ ಮತ್ತು ನನಗೆ ಮಾತ್ರ ಗೊತ್ತಿದ್ದದ್ದು. ನಾನು ಹಾರಿ ಕಣಕಾಲು ಹಿಡಿದೆ.

ಬಾವ ಮುಖ ಅಡಿಯಾಗಿ ಬಿದ್ದ. ಅವನ ಬೆರಳಿಗೂ ಗೆರೆಗೂ ನಡುವೆ ಒಂದು ಗೇಣು. ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಅನ್ನುತ್ತಲೇ ಇದ್ದ. ಶಾಸನದ ಬಂಡೆಯ ಕೆಳಗಿನ ಮರಳಿನಲ್ಲಿ ಒಂಬತ್ತು ವರ್ಷ ನಾವಿಬ್ಬರೂ ಅಭ್ಯಾಸ ಮಾಡಿದ್ದು ನಿನಗೆ ಗೊತ್ತು. ನೋವಾದರೆ ಅವನು ನನ್ನ ಮೈ ಮೇಲೆ ಎರಡು ಸಲ ತಟ್ಟುತ್ತಿದ್ದ. ತಟ್ಟಿದ ಕೂಡಲೇ ನಾನು ಬಿಡಬೇಕು. ಒಂದು ದಿನವೂ ನಾನು ತಡ ಮಾಡಿದವನಲ್ಲ.

ಅವತ್ತೂ ಅವನು ಕೈ ಹಿಂದಕ್ಕೆ ಚಾಚಿ ನನ್ನ ತಲೆ ಹುಡುಕಿದ. ಎರಡು ಸಲ ತಟ್ಟಿದ.

ನಾನು ಬಿಡಲಿಲ್ಲ. ಆಣೆ ಇತ್ತಲ್ಲ ಅಕ್ಕ. ಬಿಟ್ಟಿದ್ದರೆ ನನ್ನ ಕೈ ಒಣಗುತ್ತಿತ್ತು. ಅಜ್ಜಪ್ಪ ಎರಡೂ ಮೊಣಕಾಲು ಕೂಡಿಸಿ ಅವನ ತೊಡೆ ಮೇಲೆ ಹಾರಿದ, ಮಿಕ್ಕವರು ಅಜ್ಜಪ್ಪನ ಮೇಲೆ ಬಿದ್ದರು. ಅದೇ ಹೊತ್ತಿಗೆ ನಾನು ಪಾದವನ್ನು ಒಳಕ್ಕೆ ತಿರುವಿದೆ. ಹಸಿ ಜಾಲಿ ಕೊಂಬೆ ಸೀಳಿದ ಹಾಗೆ ಆಯಿತು. ಕಿವಿಗೆ ಕೇಳಿಸಲಿಲ್ಲ, ಅಂಗೈಗೆ ಗೊತ್ತಾಯಿತು. ಕಬಡ್ಡಿ ಅನ್ನುವುದು ನಿಂತು ಕೂಗು ಬಂತು. ಆ ಕೂಗು ನಮ್ಮ ಟಗರು ಕೂಗಿದ ಹಾಗಿತ್ತು.

ಜನ ಶಿಳ್ಳೆ ಹೊಡೆದರು. ಯಾರೋ ಪಟಾಕಿ ಸರ ಹಚ್ಚಿದರು. ಚಂದ್ರಣ್ಣ ಓಡಿ ಬಂದು ಒಬ್ಬೊಬ್ಬರನ್ನೇ ಕುತ್ತಿಗೆ ಹಿಡಿದು ಎಸೆದ. ನನ್ನ ಪಕ್ಕೆಗೆ ಒದ್ದ. ಎರಡು ಎಲುಬು ಬಿರುಕು ಬಿಟ್ಟಿವೆ, ಅದಕ್ಕೇ ಈ ಅಕ್ಷರ ಹೀಗೆ ವಾಲಿವೆ. ಆಮೇಲೆ ಬಾವನನ್ನು ಬೆನ್ನ ಮೇಲೆ ಹಾಕಿಕೊಂಡು ಟೆಂಪೋ ಕಡೆ ಹೊರಟ. ಬಾವನ ಬಲಗಾಲು ಬೇರೆ ಯಾರದೋ ಕಾಲಿನ ಹಾಗೆ ಜೋತಾಡುತ್ತಿತ್ತು. ಒಂದು ಕಲ್ಲು ಬಂದು ಚಂದ್ರಣ್ಣನ ಹಣೆ ಒಡೆಯಿತು. ಕಣ್ಣಿಗೆ ರಕ್ತ ಇಳಿದರೂ ಅವನು ಬಾವನನ್ನು ಕೆಳಗಿಳಿಸಲಿಲ್ಲ.

ಕಪ್ಪು ನಮಗೇ ಬಂತು. ಮಿಲ್ಲಿನವರು ಮತ್ತೆ ಒಳಗಿಳಿಯಲಿಲ್ಲ. ಊರಿನವರು ಮಿಕ್ಕವರ ಜೊತೆ ನನ್ನನ್ನೂ ಹೆಗಲ ಮೇಲೆ ಹೊತ್ತು ಬಣ್ಣ ಎರಚಿದರು. ಪಕ್ಕೆ ನೋವಿಗೆ ನಾನು ಅಳುತ್ತಿದ್ದರೆ, “ನೋಡ್ರೋ, ಮೂಗ ಗಾದ್ರ ಖುಷಿಗೆ ಅಳ್ತಾವ್ನೆ” ಎಂದು ಇನ್ನಷ್ಟು ಕುಣಿಸಿದರು.

ಮೂರು ದಿನ ಬಿಟ್ಟು ಚಳ್ಳಕೆರೆ ಕಡೆಯವರು ಟೆಂಪೋದಲ್ಲಿ ಬಂದರು. ಸೈಕಲ್ ಚೈನು ಹಿಡಿದಿದ್ದರು. ಬಸ್ ನಿಲ್ಲುವ ಜಾಗದಲ್ಲಿ ಅಜ್ಜಪ್ಪ ಸಿಕ್ಕಿದ. “ಕಾಲು ಹಿಡಿದೋನು ಯಾವನ್ಲೇ?” ಎಂದು ಕೇಳಿ ಕೇಳಿ ಹೊಡೆದರು. ಬೆನ್ನಿನ ಚರ್ಮ ಅಂಗಿಗೆ ಅಂಟಿ ಬಂತು. “ಏಳು ಜನ ಇದ್ವಿ, ಯಾರಿಗ್ಗೊತ್ತು” ಎಂದನೇ ಹೊರತು ಅವನು ನನ್ನ ಹೆಸರು ಹೇಳಲಿಲ್ಲ. ನಾನು ಹುಣಸೆ ಮರದ ಹಿಂದೆ ನಿಂತು ನೋಡುತ್ತಿದ್ದೆ.

ಬಾವನೂ ಯಾರಂತ ಕಂಡಿಲ್ಲ ಅನ್ನುತ್ತಾನೆ. ಅವನು ಕಾಣಬೇಕಾಗಿಲ್ಲ ಅಕ್ಕ. ಒಂಬತ್ತು ವರ್ಷ ಹಿಡಿಸಿಕೊಂಡ ಕೈ, ಕಣ್ಣು ಕಟ್ಟಿದರೂ ಅವನಿಗೆ ಗುರುತಾಗುತ್ತದೆ. ನಿನಗೊಂದು ತವರು ಉಳಿಯಲಿ ಅಂತ ಬಾಯಿ ಮುಚ್ಚಿಕೊಂಡಿದ್ದಾನೆ.

ನೀನು ಕೇಳಿದ್ದಕ್ಕೆ ಉತ್ತರ: ಹೌದು, ಆ ಕೈ ನನ್ನದೇ. ಆದರೆ ಆಣೆಗೆ ಸಿಕ್ಕಿದ ಕೈ. ನೀನಾದರೂ ಏನು ಮಾಡುತ್ತಿದ್ದೆ, ಯೋಚನೆ ಮಾಡು. ಅವ್ವನ ಮುಖ ನೋಡಿಯಾದರೂ ಬಾ. ನೀನು ಬರುವ ಹಿಂದಿನ ದಿನವೇ ನಾನು ಕುರಿ ಹೊಡೆದುಕೊಂಡು ಕುದಾಪುರದ ಹುಲ್ಲುಗಾವಲಿಗೆ ಹೋಗಿಬಿಡುತ್ತೇನೆ. ಕೂಸಿಗೆ ಹೆಸರಿಡುವ ತನಕ ಈ ಕಡೆ ತಲೆ ಹಾಕುವುದಿಲ್ಲ.

ನೀನು ಸ್ಲೇಟಿನ ಮೇಲೆ ಕೈ ಹಿಡಿದು ತಿದ್ದಿಸಿದ
ನಿನ್ನ ತಮ್ಮ,
ಗಾದ್ರಪ್ಪ

ಅಂಟಿಸಿದ ಲಕೋಟೆ ಒಡೆದು ಬರೆದದ್ದು:

ಅಂಚೆ ಡಬ್ಬಿಯ ತನಕ ಹೋಗಿ ವಾಪಸು ಬಂದೆ ಅಕ್ಕ. ಅವತ್ತು ರೊಪ್ಪದಲ್ಲಿ ನನ್ನ ಮುಂದೆ ಎರಡು ಸಾಲು ಜನ ಇದ್ದರು. ನಾನು ಕೈ ಚಾಚುವಾಗ ಎತ್ತು ಬೆದರಿ ಆ ಕಡೆ ಸರಿಯಿತು. ನನ್ನ ಕೈಗೂ ಅದರ ಮೈಗೂ ನಡುವೆ ಒಂದು ಮೊಳ ಇತ್ತು. ಯಾರೂ ನೋಡಲಿಲ್ಲ. ನಾನು ಮುಂದೆ ಹೋಗಿ ಮುಟ್ಟಲೂ ಇಲ್ಲ. ನನ್ನ ಮೇಲೆ ಆಣೆ ಇಲ್ಲ ಅಂತ ಅವತ್ತೇ ಗೊತ್ತಿತ್ತು, ಬಾವ ತಲೆ ತಟ್ಟಿದಾಗಲೂ ಗೊತ್ತಿತ್ತು.

ದಿನಾ ಬೆಳಿಗ್ಗೆ ಎದ್ದು ಬಲಗೈ ನೋಡಿಕೊಳ್ಳುತ್ತೇನೆ. ಒಣಗಿಲ್ಲ. ಒಣಗುವುದೂ ಇಲ್ಲ. ನಾನು ಯಾವ ಆಣೆಯನ್ನೂ ಮಾಡಿರಲಿಲ್ಲ.