ಅಂಚಿನಲ್ಲಿ ಬರೆದದ್ದು

ಶನಿವಾರ, ಸಂಜೆ ನಾಲ್ಕು ಗಂಟೆ

ಪ್ರೀತಿಯ ಮೌನಗೌರಿಗೆ,

ಹೇಗಿದ್ದೀ ಎಂದು ಕೇಳುವುದಿಲ್ಲ. ಕೇಳಿದರೆ ಹ್ಞೂಂ ಅನ್ನುತ್ತೀ. ಫೋನಿನಲ್ಲಿ ನಿನ್ನದು ಹ್ಞೂಂ, ಊಹ್ಞೂಂ ಎರಡೇ. ಒಂದು ಮತ್ತು ಸೊನ್ನೆಯಲ್ಲೇ ಬದುಕುವ ಕಂಪ್ಯೂಟರ್ ಕೂಡ ತಪ್ಪು ಎಲ್ಲಿದೆ ಎಂದಾದರೂ ಹೇಳುತ್ತದೆ. ಅದಕ್ಕೇ ಈ ಕಾಗದ.

ನಿನ್ನೆ ನನ್ನ ಒಂಬತ್ತನೆಯ ಸಂದರ್ಶನ ಮುಗಿಯಿತು. ಸುಸ್ತು ಹೇಗಿದೆಯೆಂದರೆ, ಹಾಕಿಕೊಂಡು ಹೋದ ಇಸ್ತ್ರಿ ಅಂಗಿಯನ್ನು ಇನ್ನೂ ಬದಲಿಸಿಲ್ಲ. ಅದರಲ್ಲೇ ಮಲಗಿ ಅದರಲ್ಲೇ ಎದ್ದೆ. ಇದೂ ಕೈತಪ್ಪಿದರೆ ಚಿಕ್ಕಮ್ಮನ ಟೈಪಿಂಗ್ ಶಾಲೆಯಲ್ಲಿ ಕೂರುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದೇನೆ. ಅಪ್ಪ ಬೈಯಲಿಲ್ಲ. ಎಷ್ಟೂಂತ ಅಲೀತೀಯ ಮಗಳೇ, ಅಂದರು. ಬೈದಿದ್ದರೇ ವಾಸಿಯಿತ್ತು.

ಕಾಯುವ ಕೋಣೆಯಲ್ಲಿ ಆರು ಕುರ್ಚಿ, ಏಳು ಜನ. ನಾನು ಕಿಟಕಿಗೆ ಒರಗಿ ನಿಂತೆ. ಹುದ್ದೆ ಒಂದೇ ಎಂದು ಅಲ್ಲೇ ಗೊತ್ತಾದದ್ದು. ಒಳಗೆ ಕರೆದವರು ನಡುವಯಸ್ಸಿನ ಎಂಜಿನಿಯರಮ್ಮ. ಒಂದು ಕನ್ನಡಕ ಮೂಗಿನ ಮೇಲೆ, ಇನ್ನೊಂದು ತಲೆಯ ಮೇಲೆ. ಬೋರ್ಡಿನಲ್ಲಿ ಎಂಟು ಸಂಖ್ಯೆ ಬರೆದು, ಇವುಗಳಲ್ಲಿ ಕೂಡಿದರೆ ಇಪ್ಪತ್ತಾಗುವ ಎರಡನ್ನು ಹುಡುಕಲು ಪ್ರೋಗ್ರಾಂ ಬರೆಯಿರಿ ಎಂದರು.

ನನಗೆ ಕುಣಿಯುವುದೊಂದು ಬಾಕಿ. ಕಾಲೇಜಿನ ನಮ್ಮ ನೋಟ್‌ಬುಕ್ಕಿನ ಮೂವತ್ತೇಳನೆಯ ಲೆಕ್ಕ! ನೀನು ಬಿಡಿಸಿದ್ದು, ನಾನು ಅಂದವಾಗಿ ನಕಲು ಮಾಡಿದ್ದು. ಎಡತುದಿಗೊಂದು ಬೆರಳು, ಬಲತುದಿಗೊಂದು ಬೆರಳು. ಮೊತ್ತ ಕಡಿಮೆಯಾದರೆ ಎಡಬೆರಳು ಮುಂದೆ, ಹೆಚ್ಚಾದರೆ ಬಲಬೆರಳು ಹಿಂದೆ. ಕೋಡ್ ಬರೆಯುತ್ತ ಬರೆಯುತ್ತ ನನ್ನ ತಲೆಗೇ ಎರಡು ಕೋಡು ಮೂಡಿದವು. ನಟನೆಯನ್ನೂ ಮಾಡಿದೆ ಕಣೇ. ಗಲ್ಲಕ್ಕೆ ಕೈ ಕೊಟ್ಟೆ, ಸೂರು ನೋಡಿದೆ, ಈಗಷ್ಟೇ ಹೊಳೆದವಳಂತೆ ಓಹ್ ಅಂದೆ. ಈ ಲೆಕ್ಕ ಮೊದಲೇ ನೋಡಿದ್ರಾ, ಎಂದು ಕೇಳಿದರು. ಇಲ್ಲ ಮೇಡಂ, ಎಂದೆ.

ಸರಿ, ಬೋರ್ಡಿನ ಸಂಖ್ಯೆಗಳ ಮೇಲೆ ನಿಮ್ಮ ಬೆರಳು ನಡೆಸಿ ತೋರ್ಸಿ, ಎಂದರು. ನಡೆಸಿದೆ. ಮಾತುಬಿಟ್ಟ ನೆಂಟರ ಹಾಗೆ ಎರಡು ಬೆರಳೂ ಒಂದನ್ನೊಂದು ದಾಟಿ ಹೋದವು, ಉತ್ತರ ಸಿಗಲಿಲ್ಲ. ಆಗ ಬೋರ್ಡನ್ನು ಮೊದಲ ಸಲ ನೋಡಿದೆ. ನಮ್ಮ ಲೆಕ್ಕದಲ್ಲಿ ಸಂಖ್ಯೆಗಳು ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿದ್ದವು. ಬೆರಳಾಟ ನಡೆಯುವುದು ಹಾಗಿದ್ದರೆ ಮಾತ್ರ. ಇಲ್ಲಿ ಚೆಲ್ಲಾಪಿಲ್ಲಿಯಾಗಿದ್ದವು. ಎಂಜಿನಿಯರಮ್ಮ, ನಾನು ಕೇಳದೇ ಇರೋ ಪ್ರಶ್ನೆಗೆ ಎಷ್ಟು ಚೆನ್ನಾಗಿ ಉತ್ತರ ಬರೆದ್ರಿ, ಎಂದರು. ವ್ಯಂಗ್ಯವೇನೂ ಇರಲಿಲ್ಲ. ನಾನು ಆ ದಿನದ ಐದನೆಯವಳು, ಅವರಿಗೂ ಸುಸ್ತಾಗಿತ್ತು.

ಸಂದರ್ಶನಕ್ಕೆ ಹೋದವಳಿಗೆ ಆದದ್ದು ನನ್ನದೇ ದರ್ಶನ. ನಿನ್ನ ಕಚ್ಚಾ ಪುಸ್ತಕ ಕಣ್ಣಮುಂದೆ ಬಂತು. ಪ್ರತಿ ಲೆಕ್ಕದ ಪಕ್ಕ, ಅಂಚಿನಲ್ಲಿ, ಪೆನ್ಸಿಲ್ಲಿನ ಕಾಗೆಕಾಲು ಗುಬ್ಬಿಕಾಲು: ಇದು ಯಾವಾಗ ಕೆಡುತ್ತದೆ, ಯಾಕೆ ಕೆಡುತ್ತದೆ. ಪುಟದ ಅಂದ ಹಾಳಾಗುತ್ತದೆಂದು ನಕಲು ಮಾಡುವಾಗ ಅವನ್ನೆಲ್ಲ ನಾನೇ ಬಿಟ್ಟಿದ್ದೆ. ನೂರ ನಲವತ್ತು ಲೆಕ್ಕದಲ್ಲಿ ಒಂದರ ಅಂಚನ್ನೂ ಬರೆದುಕೊಂಡಿಲ್ಲ. ಸ್ಕೇಲಿಟ್ಟು ಕೆಂಪು ಗೆರೆ ಮಾತ್ರ ಎಳೆದಿದ್ದೇನೆ.

ಸುಳ್ಳು ಹೇಳಿದೆ ಮೇಡಂ, ಇದು ಗೆಳತಿಯ ಉತ್ತರ, ನನ್ನದು ಬರೀ ಬಾಯಿಪಾಠ ಎಂದೆ. ಬಿಟ್ಟ ಅಂಚಿನ ಕಥೆಯನ್ನೂ ಹೇಳಿದೆ. ಬಾಗಿಲು ತೋರಿಸುತ್ತಾರೆಂದುಕೊಂಡರೆ, ಹಾಗಾದ್ರೆ ಈಗ ಯೋಚ್ನೆ ಮಾಡಿ, ನಾನು ನೀರು ಕುಡ್ದು ಬರ್ತೀನಿ ಎಂದು ಎದ್ದುಹೋದರು. ಒಂದೊಂದು ಸಂಖ್ಯೆಯನ್ನೂ ಹಿಡಿದು ಉಳಿದೆಲ್ಲದರ ಜೊತೆ ಕೂಡಿ ನೋಡುವಂತೆ ಬರೆದೆ. ಆಮೆಯ ನಡಿಗೆ, ಆದರೆ ಉತ್ತರ ಬಂತು. ಮರಳಿ ಬಂದು ನೋಡಿ, ಲಕ್ಷ ಸಂಖ್ಯೆ ಕೊಟ್ರೆ, ಎಂದರು. ಅಷ್ಟರಲ್ಲಿ ನಾವಿಬ್ರೂ ರಿಟೈರ್ ಆಗಿರ್ತೀವಿ ಮೇಡಂ, ಎಂದೆ. ನಕ್ಕರು. ಇನ್ನೂ ಇಬ್ಬರನ್ನು ನೋಡುವುದಿದೆ, ಮುಂದಿನ ವಾರದ ಕೊನೆಗೆ ತಿಳಿಸುತ್ತೇವೆ ಎಂದು ಕಳಿಸಿದರು.

ಎರಡೇ ಸಂದರ್ಶನಕ್ಕೆ ಹೋಗಿ, ಬಾಯಿ ಕಟ್ಟಿತೆಂದು ನೀನು ಮಾವನ ಜೆರಾಕ್ಸ್ ಅಂಗಡಿ ಸೇರಿದೆ. ನೋಡು ಚೋದ್ಯ: ಬಿಡಿಸಿದವಳು ಜೆರಾಕ್ಸ್ ಅಂಗಡಿಯಲ್ಲಿ, ಅವಳ ಜೆರಾಕ್ಸ್ ಸಂದರ್ಶನದಲ್ಲಿ. ಆ ಕಚ್ಚಾ ಪುಸ್ತಕ ರದ್ದಿಗೆ ಹೋಗಿರದಿದ್ದರೆ ಕಳಿಸು. ಟೈಪಿಂಗ್ ಶಾಲೆಯಲ್ಲಾದರೂ ಕೂತು ಓದುತ್ತೇನೆ, ಅಂಚುಗಳನ್ನು ಮೊದಲು.

ನಿನ್ನ
ವಾಚಾಳಿ

ತಾ.ಕ.: ಒಂದು ಮಾತು ಬಿಟ್ಟಿದ್ದೇನೆ, ಮೇಲೆ ಬರೆಯಲು ಕೈ ಬರಲಿಲ್ಲ. ಹೊರಡುವಾಗ ಎಂಜಿನಿಯರಮ್ಮ, ಆ ನಿಮ್ಮ ಗೆಳತಿ ಈಗೆಲ್ಲಿದ್ದಾರೆ, ನಂಬರ್ ಕೊಡ್ತೀರಾ ಎಂದರು. ನೆನಪಿಲ್ಲ ಮೇಡಂ, ಎಂದೆ. ನೂರ ನಲವತ್ತು ಲೆಕ್ಕ ಉರುಹೊಡೆದವಳು ನಿನ್ನ ನಂಬರ್ ಮರೆತೆನಂತೆ! ಅವರು ನನ್ನ ಮುಖ ನೋಡಿದರು, ಮತ್ತೆ ಕೇಳಲಿಲ್ಲ. ಇವತ್ತು ಬೆಳಿಗ್ಗೆ ನಾನೇ ಅವರ ಕಚೇರಿಗೆ ಫೋನ್ ಮಾಡಿ ಕೊಟ್ಟೆ. ನನ್ನ ನಂತರದ ಆ ಇಬ್ಬರ ಜೊತೆ ಈಗ ನೀನು ಮೂರನೆಯವಳು. ಗುರುವಾರ ಹನ್ನೊಂದಕ್ಕೆ ಕರೆ ಬರುತ್ತದೆ. ಎತ್ತು.