ಕಪ್ಪು ಚೀಟಿ

ಹನ್ನೆರಡನೇ ತಾರೀಕು, ಗುರುವಾರ.

ಕೈಗೆ ಕಟ್ಟಿದ ಕಪ್ಪು ಚೀಟಿಯನ್ನು ಇನ್ನೂ ಬಿಚ್ಚಿಲ್ಲ. ಮಗಳು ಅಪಶಕುನ ಎನ್ನುತ್ತಾಳೆ, ಎನ್ನಲಿ.

ಒಮ್ಮೆಗೇ ನೂರು ಗಾಯಾಳುಗಳು ಬಂದರೆ ಏನು ಮಾಡಬೇಕೆಂದು ಇಂದು ಆಸ್ಪತ್ರೆಯ ನರ್ಸುಗಳಿಗೆ ತಾಲೀಮು. ಸುಳ್ಳು ಗಾಯಾಳುಗಳ ಸಾಲಿನಲ್ಲಿ ನಾನೂ ಮಲಗಿದ್ದೆ. ಬದುಕುಳಿಯುವ ಭರವಸೆಯಿಲ್ಲದವರಿಗೆ ಕಪ್ಪು ಚೀಟಿ ಕಟ್ಟಿ ಮುಂದಿನವರ ಬಳಿಗೆ ಓಡಬೇಕು. ನರ್ಸಾಗಿರುವ ಮೊಮ್ಮಗಳು ಚೀಟಿಯನ್ನೇನೋ ಕಟ್ಟಿದಳು, ಆಮೇಲೆ ನನ್ನ ಕೈ ಹಿಡಿದು ನಿಂತೇಬಿಟ್ಟಳು.

"ನಾನು ಸತ್ತಾಯ್ತು, ಮುಂದೆ ಹೋಗೇ," ಎಂದೆ.

"ಸತ್ತೋರು ಮಾತಾಡಬಾರದು ಅಜ್ಜಿ," ಎಂದಳು. ಕೈ ಮಾತ್ರ ಬಿಡಲಿಲ್ಲ.

ಅಷ್ಟರಲ್ಲಿ ಪಕ್ಕದ ಇಬ್ಬರು ಆರೈಕೆ ಸಿಗದೆ ಸತ್ತರೆಂದು ಹಿರಿಯ ನರ್ಸಮ್ಮ ಬರೆದುಕೊಂಡರು. "ಅಜ್ಜಿ, ನೀವಿನ್ನು ಬರಬೇಡಿ," ಎಂದರು.

ಯಾಕೆ ಬರಬಾರದು? ಬೇರೆಯವರ ಅಜ್ಜಿಯನ್ನು ಯಾರು ಬೇಕಾದರೂ ದಾಟಿ ಹೋಗುತ್ತಾರೆ. ಶನಿವಾರ ಮತ್ತೆ ತಾಲೀಮಿದೆ. ಕರೆಯದಿದ್ದರೂ ಹೋಗಿ ಮಲಗುತ್ತೇನೆ. ನನ್ನನ್ನು ಬಿಟ್ಟು ಓಡುವುದನ್ನು ಅವಳು ಕಲಿಯುವ ತನಕ ನಾನು ಏಳುವವಳಲ್ಲ.